ಸೂರಿಲ್ಲದ ಚರ್ಚುಗಳ ನಾಡಿನಲ್ಲಿ

ಮೊಯ್ನ್ ಮಠಕ್ಕೆ ಹೋಗಬೇಕಾದರೆ ದನ ಮೇಯುವ ಗದ್ದೆ ದಾಟಬೇಕು. ನಾನು ಮೊದಲ ಸಲ ಹೋದದ್ದು ಒಂದು ಏಪ್ರಿಲ್ ಬೆಳಿಗ್ಗೆ. ಹಿಂದಿನ ರಾತ್ರಿ ಮಳೆ ಸುರಿದು ಹುಲ್ಲೆಲ್ಲ ನೆನೆದಿತ್ತು, ಬೂಟಿನ ಒಳಗೆ ನೀರು. ಗೇಟು ತೆಗೆದು ಒಳಗೆ ಹೋಗಿ, ಮತ್ತೆ ಮರೆಯದೆ ಹಾಕಿದೆ. ಹಳ್ಳಿ ಐರ್ಲೆಂಡಿನಲ್ಲಿ ಗೇಟು ಹಾಗೇ ಬಿಟ್ಟು ಹೋಗುವುದು ದೊಡ್ಡ ತಪ್ಪು. ಹಸುಗಳು ತಲೆ ಎತ್ತಿ ಒಮ್ಮೆ ನೋಡಿ ಮತ್ತೆ ಮೇಯತೊಡಗಿದವು. ಎದುರಿಗೆ ಬೂದು ಕಲ್ಲಿನ ಗೋಪುರ, ಅದರ ಹಿಂದೆ ಕಿಲಾಲ ಕೊಲ್ಲಿಯ ನೀರು.

ಹತ್ತಿರ ಹೋದ ಮೇಲೆ ಗೊತ್ತಾಯಿತು, ಗೋಡೆಗಳೆಲ್ಲ ಇವೆ. ಕಿಟಕಿಯ ಕಲ್ಲಿನ ಕುಸುರಿ ಇದೆ. ಸನ್ಯಾಸಿಗಳು ಸುತ್ತಾಡುತ್ತಿದ್ದ ಚೌಕಾಕಾರದ ಕಂಬಸಾಲು ಪೂರ್ತಿ ಇದೆ. ಇಲ್ಲದ್ದು ಸೂರು ಮಾತ್ರ. ಪೂಜೆ ನಡೆಯುತ್ತಿದ್ದ ಜಾಗದಲ್ಲಿ ನಿಂತು ತಲೆ ಎತ್ತಿದರೆ ಮೋಡ. ತಲೆ ತಗ್ಗಿಸಿದರೆ ಸಮಾಧಿ ಕಲ್ಲುಗಳು.

ನಾವು ಐರ್ಲೆಂಡಿನ ಪಶ್ಚಿಮದ ಮೇಯೋ ಕೌಂಟಿಗೆ ಬಂದು ಕೆಲವು ವರ್ಷ ಆಯಿತು. ಮೊದಮೊದಲು ಇಂಥ ಜಾಗ ಕಂಡರೆ 'ಪಾಳುಬಿದ್ದ ಚರ್ಚು' ಅಂತ ಫೋಟೋ ತೆಗೆದುಕೊಂಡು ಬರುತ್ತಿದ್ದೆ. ಈಗ ಆ ಮಾತು ಬಾಯಿಗೆ ಬರುವುದಿಲ್ಲ. ಯಾಕೆ ಬರುವುದಿಲ್ಲ ಅಂತ ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಒಂದು ವಿಷಯ ಬಿಡಿಸಿ ಹೇಳಬೇಕು. ಇಲ್ಲಿನ ಜನ ಎಲ್ಲ ಹಳೇ ಮಠಕ್ಕೂ 'ಅಬ್ಬೆ' ಅಂತಾರೆ. ಕನ್ನಡದ ಕಿವಿಗೆ ಅದು 'ಅಮ್ಮ' ಅಂತ ಕೇಳುತ್ತದೆ, ಅಲ್ವಾ? ಆ ಪದದ ಬೇರು ಮಾತ್ರ ಯೇಸುವಿನ ಮಾತಾದ ಅರಮಾಯಿಕ್‌ನ 'ಅಬ್ಬಾ', ಅಂದರೆ ಅಪ್ಪ. ಮಠದ ಹಿರಿಯನನ್ನು ಅಪ್ಪ ಅಂತ ಕರೆದು, ಅವನ ಮಠ ಅಬ್ಬೆ ಆಯಿತು. ಆದರೆ ಲೆಕ್ಕಕ್ಕೆ ಹೇಳಿದರೆ ಮೊಯ್ನ್ ಅಬ್ಬೆ ಅಲ್ಲ, ಫ್ರಯರಿ. ವ್ಯತ್ಯಾಸ ನಮಗೆ ಸುಲಭವಾಗಿ ಅರ್ಥವಾಗುತ್ತದೆ. ಅಬ್ಬೆಯ ಸನ್ಯಾಸಿಗಳು ಸ್ಥಾವರ. ಒಂದೇ ಕಡೆ ನೆಲೆ ನಿಂತವರು, ಮಠಕ್ಕೆ ಜಮೀನು ಇದ್ದವರು. ಫ್ರಯರ್‌ಗಳು ಜಂಗಮರು. ಫ್ರಾನ್ಸಿಸ್ಕನ್ನರು, ಡೊಮಿನಿಕನ್ನರು, ಅಗಸ್ಟೀನಿಯನ್ನರು ಹೀಗೆ ಬೇರೆ ಬೇರೆ ಸಭೆಗಳು. ಊರೂರು ಸುತ್ತಿ, ಭಿಕ್ಷೆ ಎತ್ತಿ, ಜನರ ನಡುವೆ ನಿಂತು ಬೋಧನೆ ಮಾಡಿದವರು.

1400ರ ನಂತರ ಐರ್ಲೆಂಡಿನ ಪಶ್ಚಿಮದಲ್ಲಿ ಇಂಥ ಮಠಗಳು ಒಂದರ ಹಿಂದೆ ಒಂದು ಎದ್ದವು. ಕಟ್ಟಿಸಿದವರು ಇಲ್ಲಿನ ಪಾಳೆಯಗಾರರು, ಅಂದರೆ ಬರ್ಕ್, ಓಮ್ಯಾಲಿಯಂಥ ಮನೆತನದವರು. ಮೊಯ್ನ್ ಮಠಕ್ಕೆ ನೆಲ ಕೊಟ್ಟದ್ದು ಬರ್ಕ್ ಮನೆತನ. ಪ್ರತಿಷ್ಠೆ ಆದದ್ದು 1462ರಲ್ಲಿ. ಅವರಿಗೆ ಬೇಕಾಗಿದ್ದದ್ದು ಎರಡು. ತಾವು ಸತ್ತ ಮೇಲೆ ತಮ್ಮ ಆತ್ಮಕ್ಕಾಗಿ ಪೂಜೆ ನಡೆಯುತ್ತಲೇ ಇರಬೇಕು. ತಮ್ಮ ದೇಹ ಆ ಗೋಡೆಯ ಒಳಗೇ ಮಲಗಬೇಕು. ಅಂದರೆ ಈ ಮಠಗಳಲ್ಲಿ ಮೊದಲಿನಿಂದಲೂ ಸತ್ತವರಿಗೆ ಜಾಗ ಇತ್ತು. ಇದೊಂದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮೊಯ್ನ್‌ನಲ್ಲಿ ನನಗೆ ತುಂಬಾ ಹಿಡಿಸಿದ್ದು ಗೋಡೆಯ ಹಳೇ ಗಾರೆಯ ಮೇಲೆ ಗೀಚಿದ ಹಡಗುಗಳು. ಮೊನಚಾದ ಯಾವುದರಲ್ಲೋ ಗೆರೆ ಎಳೆದು ಹಾಯಿ, ಹಗ್ಗ, ಕೂವೆಮರ ಎಲ್ಲ ಬಿಡಿಸಿದ್ದಾರೆ. ಮಠದ ಹೊರಗೆ ನಿಂತರೆ ಕಣ್ಣಿಗೆ ಬೀಳುವುದೇ ಕಡಲು. ದಿನಾ ಕಾಣುವುದನ್ನೇ ಬರೆದಿದ್ದಾರೆ. ಬೆಳಕು ಓರೆಯಾಗಿ ಬೀಳುವ ಹೊತ್ತಿಗೆ ಹೋಗಬೇಕು, ಇಲ್ಲದಿದ್ದರೆ ಗೆರೆ ಕಾಣುವುದಿಲ್ಲ. ನಾನು ಮೂರನೇ ಸಲ ಹೋದಾಗ ಕಂಡಿತು. ಮಠದ ಅಡಿಯಲ್ಲಿ ಒಂದು ತೊರೆಯನ್ನೂ ಹರಿಸಿದ್ದರು. ಸುಮ್ನೆ ನಿಂತು ಕಿವಿಗೊಟ್ಟರೆ ಮಠ ಕಟ್ಟಿದವರಿಗೆ ನೀರಿನ ಬೆಲೆ ಎಷ್ಟು ಗೊತ್ತಿತ್ತು ಅನ್ನಿಸುತ್ತದೆ.

ಅಲ್ಲಿಂದ ಕೆಲವೇ ಕಿಲೋಮೀಟರ್ ದೂರ, ಮೊಯ್ ನದಿ ಕಡಲು ಸೇರುವ ಕಡೆ, ರೋಸರ್ಕ್ ಇದೆ. ಸರ್ಕ್ ಎಂಬ ಸಂತ ಹೆಣ್ಣುಮಗಳ ಹೆಸರು ಆ ಊರಿಗೆ ಉಳಿದುಕೊಂಡಿದೆ. ಈ ಮಠ 1441ಕ್ಕೂ ಹಿಂದಿನದು. ಇಲ್ಲಿದ್ದವರು ಫ್ರಾನ್ಸಿಸ್ಕನ್ನರ ಮೂರನೇ ಸಭೆಯವರು. ಸಂಸಾರಿಗಳಿಗಾಗಿ ಶುರುವಾದ ಸಭೆ ಅದು, ಆಮೇಲೆ ಕೆಲವರು ಹೀಗೆ ಒಟ್ಟಿಗೆ ಮಠ ಕಟ್ಟಿಕೊಂಡರು. ಮಹಡಿಯ ಮೇಲೆ ಹತ್ತಬಹುದು. ಊಟದ ಮನೆ, ಮಲಗುವ ಕೋಣೆ, ಬೆನ್ನಿಗೆ ಬೆನ್ನು ಕೊಟ್ಟ ಎರಡು ಬೆಂಕಿಗೂಡು ಎಲ್ಲ ಗುರುತು ಹಿಡಿಯಬಹುದು. ಒಂದೇ ಹೊಗೆಗೂಡಿನಲ್ಲಿ ಅಡುಗೆ ಮನೆಗೂ ಪಕ್ಕದ ಕೋಣೆಗೂ ಕಾವು. ಮೇಯೋದ ಜನವರಿ ಚಳಿ ಕಂಡವರಿಗೆ ಆ ಬೆಂಕಿಗೂಡಿನ ಮುಂದೆ ಒಂದು ನಿಮಿಷ ನಿಲ್ಲಲೇಬೇಕು ಅನ್ನಿಸುತ್ತದೆ.

ರೋಸರ್ಕ್‌ನಲ್ಲಿ ಬಲಿಪೀಠದ ಪಕ್ಕದ ಗೋಡೆಯಲ್ಲಿ ಒಂದು ಗೂಡು ಇದೆ. ಪೂಜೆ ಆದ ಮೇಲೆ ಫಾದರ್ ಬಟ್ಟಲು ತೊಳೆದ ನೀರು ಚೆಲ್ಲುವ ಜಾಗ. ಅದರ ಪುಟ್ಟ ಕಂಬದ ಮೇಲೆ ಒಂದು ದುಂಡು ಗೋಪುರ ಕೆತ್ತಿದ್ದಾರೆ. ಬೆರಳಿನಷ್ಟು ಉದ್ದ, ಮೇಲೆ ಮೊನಚು ತಲೆ. ಹತ್ತಿರದ ಕಿಲಾಲ ಊರಿನಲ್ಲಿ ನಿಜವಾದ ದುಂಡು ಗೋಪುರವೇ ಇದೆ, ಮಠಕ್ಕಿಂತಲೂ ಎಷ್ಟೋ ಹಳೆಯದು. ಕೆತ್ತಿದವನಿಗೆ ತನ್ನ ಸುತ್ತಲಿನ ಊರು ದೇವರ ಹತ್ತಿರ ಇರಲಿ ಅನ್ನಿಸಿರಬೇಕು. ಎಷ್ಟು ದೊಡ್ಡ ಕೆಥೆಡ್ರಲ್ ನೋಡಿದರೂ ನನಗೆ ಈ ಬೆರಳುದ್ದದ ಗೋಪುರವೇ ಜಾಸ್ತಿ ಇಷ್ಟ.

ಇಂಗ್ಲೆಂಡಿನ ದೊರೆ ಎಂಟನೇ ಹೆನ್ರಿ 1530ರ ದಶಕದಲ್ಲಿ ಮಠಗಳನ್ನು ಮುಚ್ಚಲು ಹೊರಟ. ಆದರೆ ಅವನ ಕೈ ಮೇಯೋವರೆಗೆ ಚಾಚಲಿಲ್ಲ. ಇಲ್ಲಿ ನಡೆಯುತ್ತಿದ್ದದ್ದು ಪಾಳೆಯಗಾರರ ಮಾತು. ಕಾಗದದ ಮೇಲೆ ಮುಚ್ಚಿದ ಮಠಗಳಲ್ಲಿ ಫ್ರಯರ್‌ಗಳು ಇನ್ನೂ ಎಷ್ಟೋ ವರ್ಷ ಗಂಟೆ ಬಾರಿಸಿಕೊಂಡೇ ಇದ್ದರು. ಆಮೇಲೆ ಬಂದವನು ರಿಚರ್ಡ್ ಬಿಂಗಮ್, ರಾಣಿ ಎಲಿಜಬೆತ್ ಕಾಲದಲ್ಲಿ ಈ ಸೀಮೆಯ ಗವರ್ನರ್. 1590ರಲ್ಲಿ ಮೊಯ್ನ್‌ಗೂ ರೋಸರ್ಕ್‌ಗೂ ಬೆಂಕಿ ಇಟ್ಟ. ಮರದ ತೊಲೆ ಸುಟ್ಟುಹೋಯಿತು, ಸೂರು ಹೋಯಿತು. ಕಲ್ಲು ಉಳಿಯಿತು. ಒಂದು ಶತಮಾನ ಕಳೆದ ಮೇಲೆ, 1697ರಲ್ಲಿ, ಬಿಷಪರೂ ಸನ್ಯಾಸಿ ಸಭೆಗಳವರೂ ಮರುವರ್ಷ ಮೇ 1ರೊಳಗೆ ದೇಶ ಬಿಟ್ಟು ಹೋಗಬೇಕು ಅಂತ ಕಾನೂನು ಮಾಡಿದರು. ತಿರುಗಿ ಬಂದರೆ ರಾಜದ್ರೋಹ. ಜನ ಬೆಟ್ಟದ ಸಂದಿಯಲ್ಲಿ, ಬಯಲಿನಲ್ಲಿ, ಚಪ್ಪಟೆ ಬಂಡೆಯನ್ನೇ ಬಲಿಪೀಠ ಮಾಡಿಕೊಂಡು ಪೂಜೆ ಕಂಡರು. ಆ ಬಂಡೆಗಳನ್ನು ಊರವರು ಇವತ್ತಿಗೂ ತೋರಿಸುತ್ತಾರೆ.

ಇಲ್ಲಿಗೆ ಬಂದಾಗ ಬ್ಯಾಲಿನ್‌ಟಬರ್ ಬಗ್ಗೆ ಹೇಳದೆ ಮುಂದೆ ಹೋಗಲು ಆಗುವುದಿಲ್ಲ.

ಬ್ಯಾಲಿನ್‌ಟಬರ್ ಅಂದರೆ ಬಾವಿಯ ಊರು. ಸಂತ ಪ್ಯಾಟ್ರಿಕ್ ಅಲ್ಲಿ ಜನರಿಗೆ ದೀಕ್ಷಾಸ್ನಾನ ಕೊಟ್ಟ ಎಂಬ ನಂಬಿಕೆ. 1216ರಲ್ಲಿ ಕೊನಾಕ್ಟ್ ಸೀಮೆಯ ದೊರೆ ಕಾಹಲ್ ಓಕಾನರ್ ಇಲ್ಲಿ ಅಬ್ಬೆ ಕಟ್ಟಿಸಿದ. ಇದು ನಿಜಕ್ಕೂ ಅಬ್ಬೆಯೇ, ಅಗಸ್ಟೀನಿಯನ್ ಕ್ಯಾನನ್‌ಗಳದು. ಅದೇ ಹೆಸರಿನ ಫ್ರಯರ್‌ಗಳು ಬೇರೆ, ಇವರು ಒಂದೇ ಕಡೆ ನೆಲೆ ನಿಂತವರು. ಒಂದು ಕತೆಯೂ ಇದೆ. ದೊರೆಯಾಗುವ ಮೊದಲು ಅವನು ವೈರಿಗಳಿಗೆ ಹೆದರಿ ಕೂಲಿಯಾಳಿನ ವೇಷದಲ್ಲಿ ಈ ಊರಿನ ಒಬ್ಬರ ಮನೆಯಲ್ಲಿ ಇದ್ದನಂತೆ. ದೊರೆ ಆದ ಮೇಲೆ ಬಂದು, 'ನಿನಗೆ ಏನು ಬೇಕು' ಅಂತ ಆ ಮುದುಕನನ್ನು ಕೇಳಿದ. 'ನನಗೆ ಏನೂ ಬೇಡ, ಊರಿನ ಹಳೇ ಚರ್ಚು ಬಿದ್ದುಹೋಗಿದೆ, ಅದನ್ನು ಕಟ್ಟಿಸಿ ಕೊಡು' ಅಂದ. ದೊರೆ ಅಪ್ಪಣೆ ಮಾಡಿದ. ಕೆಲಸದವರು ಅದೇ ಹೆಸರಿನ ಇನ್ನೊಂದು ಊರಿನಲ್ಲಿ ಕಟ್ಟಿಬಿಟ್ಟರು! ಕೊನೆಗೆ ದೊರೆ, ಹಳೆಯದಕ್ಕಿಂತ ಹತ್ತು ಪಾಲು ಚೆನ್ನಾಗಿ ಕಟ್ಟಿಸುತ್ತೇನೆ ಅಂತ ಮಾತು ಕೊಟ್ಟು ಇದನ್ನು ಕಟ್ಟಿಸಿದನಂತೆ. ಕತೆ ನಿಜವೋ ಅಲ್ಲವೋ, ಒಬ್ಬ ರೈತ ತನಗಾಗಿ ಏನನ್ನೂ ಕೇಳದೆ ಊರಿಗೆ ಚರ್ಚು ಕೇಳಿದ ಎಂಬುದನ್ನು ಈ ಜನ ನೆನಪಿಡಲು ಆರಿಸಿಕೊಂಡರಲ್ಲ, ಅದು ನನಗೆ ದೊಡ್ಡದಾಗಿ ಕಾಣುತ್ತದೆ.

1542ರಲ್ಲಿ ಈ ಅಬ್ಬೆಯನ್ನೂ ಮುಚ್ಚಿದರು. 1653ರಲ್ಲಿ ಇಂಗ್ಲೆಂಡಿನ ಸೇನಾಪತಿ ಕ್ರಾಮ್‌ವೆಲ್‌ನ ಸೈನಿಕರು ಸುಟ್ಟರು. ಸನ್ಯಾಸಿಗಳ ಕೋಣೆಗಳು ಹಾಳಾದವು, ಚರ್ಚಿನ ಮರದ ಸೂರು ಬೂದಿಯಾಯಿತು. ಆದರೆ ಬಲಿಪೀಠದ ಮೇಲಿನ ಕಮಾನು ಕಲ್ಲಿನದು. ಅದು ಸುಡಲಿಲ್ಲ. ಫಾದರ್ ಆ ಕಮಾನಿನ ಕೆಳಗೆ ನಿಂತು ಪೂಜೆ ಮಾಡಿದರು, ಜನ ಬಯಲಾದ ನಡುಸಾಲೆಯಲ್ಲಿ ಮೊಣಕಾಲೂರಿದರು. ಮಳೆಯಲ್ಲೂ, ಹಿಮದಲ್ಲೂ. ಒಂದು ವರ್ಷ ಎರಡು ವರ್ಷ ಅಲ್ಲ. ಎರಡೂವರೆ ಶತಮಾನಕ್ಕೂ ಜಾಸ್ತಿ.

ಸೂರು ಹಾಕುವ ಪ್ರಯತ್ನ 1846ರಲ್ಲಿ ಶುರುವಾಯಿತು. ಆ ಇಸವಿ ನೋಡಿದರೆ ಸಾಕು, ಐರಿಷರಿಗೆ ಮುಂದಿನದು ಹೇಳಬೇಕಾಗಿಲ್ಲ. ಆಲೂಗಡ್ಡೆ ಕೊಳೆತು ಬರಗಾಲ ಬಂತು. ಕೆಲಸ ನಿಂತಿತು. 1889ರಲ್ಲಿ ಸ್ವಲ್ಪ ಭಾಗ ಆಯಿತು. ನಡುಸಾಲೆಗೆ ಪೂರ್ತಿ ಸೂರು ಬಂದದ್ದು 1966ರಲ್ಲಿ, ಅಬ್ಬೆಗೆ 750 ವರ್ಷ ತುಂಬಿದಾಗ. ಅದಕ್ಕಾಗಿ ಓಡಾಡಿದವರು ಆಗಿನ ಫಾದರ್ ಥಾಮಸ್ ಈಗನ್. 'ಸಾಯಲು ಒಪ್ಪದ ಅಬ್ಬೆ' ಅಂತ ಊರವರು ಹೇಳಿಕೊಳ್ಳುತ್ತಾರೆ. 800 ವರ್ಷ ಇಲ್ಲಿ ಪೂಜೆ ನಿಂತಿಲ್ಲ ಎಂಬುದು ಅವರ ಹೆಮ್ಮೆ.

ನಾನು ಒಂದು ಭಾನುವಾರ ಅಲ್ಲಿ ಪೂಜೆಗೆ ಹೋದೆ. ಬಿಳಿ ಗೋಡೆ, ಎತ್ತರದ ಮರದ ಸೂರು, ಮೂಲೆಯಲ್ಲಿ ಮಕ್ಕಳ ಗಲಾಟೆ. ಪಕ್ಕದ ಕೋಣೆಯಲ್ಲಿ ಟಿಬಟ್ ಬರ್ಕ್‌ನ ಸಮಾಧಿ. 'ಹಡಗುಗಳ ಟಿಬಟ್' ಅಂತ ಅವನ ಅಡ್ಡಹೆಸರು. ಕಡಲಾಳಿದ ಹೆಣ್ಣು ಗ್ರೇಸ್ ಓಮ್ಯಾಲಿಯ ಮಗ ಅವನು. ಪೂಜೆ ಮಧ್ಯೆ ಜೋರು ಮಳೆ ಶುರುವಾಯಿತು. ಸೂರಿನ ಮೇಲೆ ಆ ಸದ್ದು ಕೇಳುತ್ತಾ ಕೂತಾಗ, ಇದೇ ಮಳೆ ನೇರವಾಗಿ ತಲೆ ಮೇಲೆ ಬೀಳುತ್ತಿದ್ದರೂ ಎದ್ದು ಹೋಗದವರ ನೆನಪಾಗಿ ಗಂಟಲು ಕಟ್ಟಿತು. ನನಗಾಗಿದ್ದರೆ ಅಷ್ಟು ಹೊತ್ತು ಇರಲು ಆಗುತ್ತಿತ್ತೇ? ಗೊತ್ತಿಲ್ಲ.

ಈ ಅಬ್ಬೆಯಿಂದ ಕ್ರೋ ಪ್ಯಾಟ್ರಿಕ್ ಬೆಟ್ಟಕ್ಕೆ ಹಳೇ ಕಾಲುದಾರಿ ಇದೆ, ಸುಮಾರು 35 ಕಿಲೋಮೀಟರ್. ಬೆಟ್ಟದ ಎತ್ತರ 764 ಮೀಟರ್. ಜುಲೈ ತಿಂಗಳ ಕೊನೇ ಭಾನುವಾರ ಸಾವಿರಾರು ಜನ ಹತ್ತುತ್ತಾರೆ, ಕೆಲವರು ಬರಿಗಾಲಲ್ಲಿ. ಬೆಟ್ಟದ ಬುಡದಲ್ಲಿ, ಕಡಲಂಚಿಗೆ, ಮರಿಸ್ಕ್ ಎಂಬ ಪುಟ್ಟ ಮಠ. 1457ರದು, ಅಗಸ್ಟೀನಿಯನ್ ಫ್ರಯರ್‌ಗಳದು, ನೆಲ ಓಮ್ಯಾಲಿ ಮನೆತನದ್ದು. ಅಲ್ಲೇ ಎದುರಿಗೆ ಕಂಚಿನ ಹಡಗೊಂದಿದೆ. ಹಾಯಿ ಇರಬೇಕಾದ ಕಡೆ ಅಸ್ಥಿಪಂಜರಗಳು. ಬರಗಾಲದಲ್ಲಿ ಹಡಗು ಹತ್ತಿ ದಾರಿಯಲ್ಲೇ ಸತ್ತವರ ನೆನಪಿಗೆ ಜಾನ್ ಬೀಹನ್ ಮಾಡಿದ್ದು, 1997ರಲ್ಲಿ ನಿಲ್ಲಿಸಿದ್ದು. 1841ರಲ್ಲಿ ಮೇಯೋದಲ್ಲಿ ಇದ್ದವರು ಸುಮಾರು 3 ಲಕ್ಷ 88 ಸಾವಿರ. ಹತ್ತು ವರ್ಷ ಕಳೆಯುವಷ್ಟರಲ್ಲಿ 2 ಲಕ್ಷ 74 ಸಾವಿರ. ಮರಿಸ್ಕ್ ಮಠದ ಗೋಡೆಗೆ ಒರಗಿ ಆ ಹಡಗನ್ನು ನೋಡುತ್ತಾ ನಿಂತಾಗ, ಹೊರಟವರಿಗೆ ಕೊನೆಗೆ ಕಂಡದ್ದು ಈ ಬೆಟ್ಟ, ಈ ಗೋಡೆ ಇರಬಹುದು ಅನ್ನಿಸಿತು. ನಾವೂ ಊರು ಬಿಟ್ಟು ಬಂದವರೇ. ಆದರೆ ನಾವು ವಿಮಾನದಲ್ಲಿ ಊಟ ಮಾಡಿಕೊಂಡು ಬಂದವರು. ಅವರ ಜೊತೆ ನಮ್ಮನ್ನು ಹೋಲಿಸಿಕೊಳ್ಳುವುದು ಸರಿಯಲ್ಲ.

ಸ್ಟ್ರೇಡ್ ಊರಿನ ಮಠ ಬೇರೆ ರೀತಿಯದು. ಅಲ್ಲಿ ಮೊದಲಿದ್ದವರು ಫ್ರಾನ್ಸಿಸ್ಕನ್ನರು. 1252ರಲ್ಲಿ ಅದು ಡೊಮಿನಿಕನ್ನರ ಕೈಗೆ ಹೋಯಿತು. ಒಡೆಯನ ಹೆಂಡತಿ ಬಸಿಲಿಯಾ, ಡೊಮಿನಿಕನ್ನರನ್ನು ಕರೆಸುವವರೆಗೆ ಊಟ ಮುಟ್ಟುವುದಿಲ್ಲ ಅಂತ ಹಟ ಹಿಡಿದು ಕೂತಳು ಅಂತ ಕತೆ. ಒಳಗಿನ ಕಲ್ಲುಕೆಲಸ ಮೇಯೋದಲ್ಲೇ ಅತಿ ಚೆಂದ. ಬೆಂಕಿ ನಾಲಗೆಯಂತೆ ಸುತ್ತಿಕೊಂಡ ಕುಸುರಿ, ಗಾಯ ತೋರಿಸುವ ಯೇಸು, ಕೆಳಗೆ ಸಾಲಾಗಿ ನಿಂತ ಸಂತರು, ದೊರೆಗಳು.

ಆದರೆ ನಾನು ಅಲ್ಲಿಗೆ ಹೋಗುವುದು ಮೈಕೆಲ್ ಡ್ಯಾವಿಟ್‌ಗಾಗಿ. 1846ರಲ್ಲಿ ಆ ಊರಿನಲ್ಲಿ ಹುಟ್ಟಿದ. ನಾಲ್ಕು ವರ್ಷದ ಮಗುವಾಗಿದ್ದಾಗ ಗೇಣಿ ಕಟ್ಟಲಾಗದೆ ಮನೆಯಿಂದ ಹೊರಹಾಕಿದರು. ಇಂಗ್ಲೆಂಡಿಗೆ ಹೋದ ಕುಟುಂಬ ಅದು. ಅಲ್ಲಿ ಹತ್ತಿ ಗಿರಣಿಯಲ್ಲಿ, ಹನ್ನೊಂದನೇ ವಯಸ್ಸಿಗೆ, ಯಂತ್ರಕ್ಕೆ ಸಿಕ್ಕಿ ಬಲಗೈ ಹೋಯಿತು. ಅದೇ ಹುಡುಗ 1879ರಲ್ಲಿ ಲ್ಯಾಂಡ್ ಲೀಗ್ ಕಟ್ಟಿದವರಲ್ಲಿ ಮುಖ್ಯನಾದ. ಉಳುವವನಿಗೆ ಭೂಮಿ ಎಂಬ ಹೋರಾಟ ಐರ್ಲೆಂಡಿನಲ್ಲಿ ಹೊತ್ತಿದ್ದು ಹಾಗೆ. 1906ರಲ್ಲಿ ಸತ್ತಾಗ ಅವನನ್ನು ತಂದು ಮಣ್ಣು ಮಾಡಿದ್ದು ಸ್ಟ್ರೇಡ್ ಮಠದ ಗೋಡೆ ಪಕ್ಕದಲ್ಲಿ. ಬದುಕಲು ಒಂದು ಗುಡಿಸಲಿನಷ್ಟು ನೆಲ ಬಿಡದ ಊರು ಅದು. ಮಠದ ಮಣ್ಣಿನಲ್ಲಿ ಮಾತ್ರ ಅವನ ಪಾಲು ಯಾರೂ ಕಿತ್ತುಕೊಳ್ಳಲಿಲ್ಲ. ಅವನಿಗೆ ದೀಕ್ಷಾಸ್ನಾನ ಆದ ಹಳೇ ಚರ್ಚು ಈಗ ಅವನ ಹೆಸರಿನ ಮ್ಯೂಸಿಯಂ.

ಆಗ ಹೊಳೆದದ್ದು ನನಗೆ. ಸೂರು ಸುಡಬಹುದು, ಫ್ರಯರ್‌ಗಳನ್ನು ಓಡಿಸಬಹುದು, ಜಮೀನು ಬೇರೆಯವರಿಗೆ ಬರೆದುಕೊಡಬಹುದು. ಸತ್ತವರನ್ನು ಎಬ್ಬಿಸಿ ಕಳಿಸಲು ಯಾವ ಗವರ್ನರನಿಗೂ ಆಗಲಿಲ್ಲ. ಅಪ್ಪ ಅಲ್ಲಿದ್ದಾನೆ ಅಂದಮೇಲೆ ಮಗ ಅಲ್ಲಿಗೇ ಬರುತ್ತಾನೆ. ಹಾಗಾಗಿ ಜನ ಬರುವುದು ನಿಲ್ಲಲಿಲ್ಲ.

ಸೂರು ಇದ್ದೂ ಬಾಗಿಲು ಹಾಕಿದ ಕಡೆಯೂ ಇದೆ. ಬ್ಯಾಲಿಹಾನಿಸ್ ಊರಿನಲ್ಲಿ 1430ರ ಸುಮಾರಿಗೆ ಬಂದ ಅಗಸ್ಟೀನಿಯನ್ನರು ಎಲ್ಲ ಕಷ್ಟ ದಾಟಿ 2002ರವರೆಗೆ ಇದ್ದರು. ಹೊಸದಾಗಿ ಸೇರುವವರಿಲ್ಲದೆ ಹೊರಟುಹೋದರು. ಬೆಂಕಿಗೂ ಕಾನೂನಿಗೂ ಜಗ್ಗದ ಮಠ ಸದ್ದಿಲ್ಲದೆ ಖಾಲಿಯಾದದ್ದು ನನಗೆ ತುಂಬಾ ನೋವಿನ ವಿಷಯ. ಅದೇ ಪುಟ್ಟ ಊರಿನಲ್ಲಿ 1987ರಲ್ಲಿ ಕಟ್ಟಿದ ಮಸೀದಿ ಇದೆ. ಅಲ್ಲಿ ಶುಕ್ರವಾರ ಪ್ರಾರ್ಥನೆ ನಡೆಯುತ್ತದೆ. ಊರಲ್ಲಿ ಪ್ರಾರ್ಥನೆ ನಿಂತಿಲ್ಲ ಅಂತ ಸಮಾಧಾನ ಮಾಡಿಕೊಳ್ಳುತ್ತೇನೆ.

ಕೊನೆಗೆ ಬರಿಶೂಲ್. ನ್ಯೂಪೋರ್ಟ್ ಹತ್ತಿರ, ಕಡಲ ನೀರು ಒಳಗೆ ನುಗ್ಗಿ ಬರುವ ಕಡೆ. 1469ರಲ್ಲಿ ಕಟ್ಟಿಸಿದ ರಿಚರ್ಡ್ ಬರ್ಕ್ ತನ್ನ ಒಡೆತನವನ್ನೇ ಬಿಟ್ಟು, ಅದೇ ಮಠದಲ್ಲಿ ಫ್ರಯರ್ ಆಗಿ ಸತ್ತ. ಪೋಪ್‌ರ ಅನುಮತಿ ಇಲ್ಲದೆ ಕಟ್ಟಿದ್ದರಿಂದ ಡೊಮಿನಿಕನ್ನರು 1486ರಲ್ಲಿ ಕ್ಷಮೆ ಪಡೆಯಬೇಕಾಯಿತು. ಈ ಮಠದ 1494ರ ಪೂಜೆಯ ಬಟ್ಟಲು ಈಗ ಡಬ್ಲಿನ್‌ನ ರಾಷ್ಟ್ರೀಯ ಮ್ಯೂಸಿಯಂನಲ್ಲಿದೆ. 1653ರಲ್ಲಿ ಸೈನಿಕರು ಬಂದಾಗ ಇಲ್ಲಿ ಹೊನೋರಾ ಎಂಬ ಒಂದೇ ಹೆಸರಿನ ಇಬ್ಬರು ಸನ್ಯಾಸಿನಿಯರು ತೀರಿಕೊಂಡರು. ಒಬ್ಬರಿಗೆ ನೂರು ದಾಟಿತ್ತು, ಇನ್ನೊಬ್ಬರು ಪೊಟರೆಯಲ್ಲಿ ಅಡಗಿ ಚಳಿಗೆ ಹೆಪ್ಪುಗಟ್ಟಿದರು ಅಂತ ಹೇಳುತ್ತಾರೆ. 1793ರಲ್ಲಿ ಸೂರು ಕುಸಿಯಿತು.

ಬೇಸಿಗೆಯಲ್ಲಿ ಇಲ್ಲಿನ ಪ್ರತಿ ಸ್ಮಶಾನಕ್ಕೂ ಒಂದು ಭಾನುವಾರ ಇರುತ್ತದೆ. ಸಮಾಧಿಗಳನ್ನು ಆಶೀರ್ವದಿಸುವ ದಿನ. ಇಂಗ್ಲೆಂಡಿಗೆ, ಡಬ್ಲಿನ್‌ಗೆ ಹೋದವರೆಲ್ಲ ಊರಿಗೆ ಬರುತ್ತಾರೆ. ಅದರ ಹಿಂದಿನ ದಿನ ನಾನು ಬರಿಶೂಲ್‌ಗೆ ಹೋಗಿದ್ದೆ. ಒಬ್ಬ ವಯಸ್ಸಾದ ಹೆಂಗಸು ಬಕೆಟ್ಟು, ಬ್ರಷ್ಷು ಇಟ್ಟುಕೊಂಡು ಕಲ್ಲು ಉಜ್ಜುತ್ತಿದ್ದರು. ಪಾಚಿ ಬೇಗ ಕಟ್ಟುತ್ತದೆ ಇಲ್ಲಿ. ನೀರು ತಂದುಕೊಟ್ಟೆ.

"ನಮ್ಮವರೆಲ್ಲ ಇಲ್ಲೇ ಇದ್ದಾರೆ" ಅಂದರು, ಮನೆಯ ಜಗಲಿ ಮೇಲೆ ಕೂತವರನ್ನು ತೋರಿಸುವ ಹಾಗೆ. ಆಮೇಲೆ, "ನಿಮ್ಮವರು?" ಅಂತ ಕೇಳಿದರು.

ನಮ್ಮಲ್ಲಿ ನವೆಂಬರ್ 2ಕ್ಕೆ ಸಮಾಧಿಗೆ ಸುಣ್ಣ ಬಳಿದು, ಸೇವಂತಿಗೆ ಹೂವಿಟ್ಟು, ಮೇಣದಬತ್ತಿ ಹಚ್ಚುತ್ತೇವೆ ಅಂದೆ. ಅಪ್ಪ ಅಲ್ಲಿದ್ದಾರೆ, ಈಗ ತಮ್ಮ ಹೋಗಿ ಹಚ್ಚುತ್ತಾನೆ, ನನಗೆ ಹೋಗಲು ಆಗಿಲ್ಲ ಅಂದೆ. ಅವರು ಉಜ್ಜುವುದು ನಿಲ್ಲಿಸಿ ಅಪ್ಪನ ಹೆಸರು ಕೇಳಿದರು. ಎರಡು ಸಲ ಹೇಳಿಸಿಕೊಂಡು ಬಾಯಲ್ಲಿ ಕೂರಿಸಿಕೊಂಡರು.

ಮರುದಿನ ಪೂಜೆಗೆ ನಾನೂ ಹೋದೆ. ಮಡಚುವ ಕುರ್ಚಿ, ಕೊಡೆ, ಸಮಾಧಿಗಳ ನಡುವೆ ನಿಂತ ಮಕ್ಕಳು. ಫಾದರ್ ಪವಿತ್ರ ನೀರು ಚಿಮುಕಿಸುತ್ತಾ ಬರುತ್ತಿದ್ದರು. ಆ ಅಜ್ಜಿ ತಮ್ಮವರ ಹೆಸರುಗಳನ್ನು ಒಂದೊಂದಾಗಿ ಮೆಲ್ಲಗೆ ಹೇಳುತ್ತಿದ್ದರು. ಕೊನೆಯಲ್ಲಿ ನನ್ನ ಅಪ್ಪನ ಹೆಸರು ಕೇಳಿಸಿತು. ಒತ್ತಕ್ಷರ ಒಂದು ತಪ್ಪಿತ್ತು, ಅಷ್ಟೇ.